ಸಿಹಿ ಮಾತಿನ ಸಿಎಫ್‌ಒ ಬೇಕಾಗಿದ್ದಾರೆ

ಸಿಎಫ್‌ಒ, ಅಂದರೆ ಕಂಪನಿಯ ಹಣಕಾಸು ಮುಖ್ಯಸ್ಥ. ಆ ಕೆಲಸದ ಇಂಟರ್‌ವ್ಯೂಗೆ ಹೋದವರನ್ನು ಬ್ಯಾಲೆನ್ಸ್ ಶೀಟ್ ಬಗ್ಗೆ ಕೇಳುವುದು ಮೊದಲ ಸುತ್ತಿಗೇ ಮುಗಿಯುತ್ತದಂತೆ. ಆಮೇಲಿನದೆಲ್ಲ ಸ್ವಭಾವದ ಪರೀಕ್ಷೆ. ಒಪ್ಪದವರನ್ನು ಹೇಗೆ ಒಲಿಸಿಕೊಂಡಿರಿ? ಸಿಇಒ ಜತೆ ಮನಸ್ತಾಪ ಬಂದರೆ ಏನು ಮಾಡುತ್ತೀರಿ? ಕೊನೆಗೆ ಹೋಟೆಲಿನಲ್ಲಿ ಊಟ. ಅಲ್ಲಿ ಸಪ್ಲೈಯರ್ ಜತೆ ಹೇಗೆ ಮಾತಾಡುತ್ತೀರಿ ಅಂತಲೂ ನೋಡುತ್ತಾರೆ. ನೋಡಲೇಬೇಕು. ಸಾವಿರಾರು ಕೋಟಿಯ ಬೀಗದ ಕೈ ಕೊಡುವ ಮೊದಲು, ಮನುಷ್ಯ ಸದ್ದಿಲ್ಲದೆ ಸೂಪ್ ಕುಡಿಯುತ್ತಾನಾ ಅಂತ ತಿಳಿಯಬೇಡವೇ?

ಬಜೆಟ್ ಕೇಳಲು ಹೋದವರ ಮೇಲೆ ಹರಿಹಾಯುವ ಸಿಡುಕರೇ ಇರಲಿ ಅಂತ ನಾನೇನೂ ಹೇಳುತ್ತಿಲ್ಲ. ಆದರೆ ಎಲ್ಲರ ಮೆಚ್ಚುಗೆ ಗಳಿಸಿದವರ ಚರಿತ್ರೆಯೂ ನಮ್ಮ ಮುಂದಿದೆ ಅಲ್ವಾ? ಅಮೆರಿಕದ 'ಸಿಎಫ್‌ಒ' ಪತ್ರಿಕೆ ಶ್ರೇಷ್ಠ ಸಿಎಫ್‌ಒಗಳಿಗೆ ಪ್ರಶಸ್ತಿ ಕೊಡುತ್ತಿತ್ತು. 1998ರಲ್ಲಿ ಟೆಲಿಫೋನ್ ಕಂಪನಿ ವರ್ಲ್ಡ್‌ಕಾಮ್‌ನ ಸ್ಕಾಟ್ ಸುಲಿವನ್. 1999ರಲ್ಲಿ ಇಂಧನ ಕಂಪನಿ ಎನ್ರಾನ್‌ನ ಆಂಡ್ರ್ಯೂ ಫಾಸ್ಟೋ. 2000ದಲ್ಲಿ ಟೈಕೋ ಕಂಪನಿಯ ಮಾರ್ಕ್ ಸ್ವಾರ್ಟ್ಜ್. ಮೂವರೂ ಆಮೇಲೆ ಜೈಲಿಗೆ ಹೋದರು. ಇಷ್ಟು ಕರಾರುವಾಕ್ಕಾಗಿ ಆಳು ಆರಿಸಲು ಪೊಲೀಸರಿಗೂ ಬರುವುದಿಲ್ಲ.

ನಮ್ಮವರೇನು ಕಡಿಮೆಯೇ? ಉತ್ತಮ ಆಡಳಿತಕ್ಕೆಂದು ಹೈದರಾಬಾದಿನ ಐಟಿ ಕಂಪನಿ ಸತ್ಯಂಗೆ 2008ರಲ್ಲಿ ಗೋಲ್ಡನ್ ಪೀಕಾಕ್ ಪ್ರಶಸ್ತಿ ಸಿಕ್ಕಿತು. 2009ರ ಜನವರಿ 7ಕ್ಕೆ ಅದರ ಅಧ್ಯಕ್ಷ ರಾಮಲಿಂಗ ರಾಜು ಪತ್ರ ಬರೆದರು: ಲೆಕ್ಕದಲ್ಲಿರುವ 5,040 ಕೋಟಿ ರೂಪಾಯಿ ಇಲ್ಲವೇ ಇಲ್ಲ!

ಸುಲಿವನ್ ಕತೆ ಮಾತ್ರ ನಿಧಾನವಾಗಿ ಕೇಳಬೇಕು. ವರ್ಲ್ಡ್‌ಕಾಮ್‌ನ ಲೆಕ್ಕದಲ್ಲಿ ಸುಳ್ಳು ಎಂಟ್ರಿ ಹಾಕಿದ ಅಕೌಂಟೆಂಟ್‌ಗಳು ಹೆದರಿ ಕೆಲಸ ಬಿಡಲು ಹೊರಟರು. ಆತ ಬೈಯಲಿಲ್ಲ. ಕರೆದು ಸಮಾಧಾನ ಮಾಡಿದ. ಕಂಪನಿಯನ್ನು ಯುದ್ಧವಿಮಾನ ಹೊರುವ ಹಡಗು ಅಂದ್ಕೊಳ್ಳಿ, ಮೇಲೆ ಹಾರುತ್ತಿರುವ ವಿಮಾನಗಳನ್ನು ಇಳಿಸಿಕೊಳ್ಳುತ್ತೇನೆ, ಆಮೇಲೆ ಬೇಕಾದರೆ ಹೋಗಿ ಅಂದ. ಅವರು ಉಳಿದರು. ಎಂಥ ತಾಳ್ಮೆ, ಎಂಥ ನಾಯಕತ್ವ! ಯಾವ ಇಂಟರ್‌ವ್ಯೂನಲ್ಲಾದರೂ ಹತ್ತಕ್ಕೆ ಹತ್ತು.

ಹಾಗೆ ಉಳಿದ ಒಬ್ಬ ಹೆಂಗಸಿಗೆ ಐದು ತಿಂಗಳು ಜೈಲಾಯಿತು. ಇದಕ್ಕೆ ನಗು ಬರುವುದಿಲ್ಲ. ಮೇಲಿನವರು ನಯವಾಗಿ ಮಾತಾಡುತ್ತಾರೆ, ಕೆಳಗಿನವರು ಎಂಟ್ರಿ ಹಾಕಿ ಸಿಕ್ಕಿಬೀಳುತ್ತಾರೆ. ಈ ಲೆಕ್ಕ ಸುಳ್ಳು, ನಾನು ಸಹಿ ಹಾಕಲ್ಲ ಅಂತ ಬಾಸ್ ಮುಖಕ್ಕೆ ಹೇಳುವ ಧೈರ್ಯ ಇದೆಯಾ? ಇದನ್ನು ಮಾತ್ರ ಯಾವ ಸುತ್ತಿನಲ್ಲೂ ಯಾರೂ ಕೇಳುವುದಿಲ್ಲ. ಥೂ.

ವರ್ಲ್ಡ್‌ಕಾಮ್‌ನ ಕಳ್ಳಲೆಕ್ಕ ಹಿಡಿದವರು ಅದೇ ಕಂಪನಿಯ ಇಂಟರ್ನಲ್ ಆಡಿಟರ್ ಸಿಂಥಿಯಾ ಕೂಪರ್. ಆಡಿಟ್ ಸ್ವಲ್ಪ ಮುಂದೆ ಹಾಕಿ ಅಂತ ಸುಲಿವನ್ ಅವರನ್ನೂ ಕೇಳಿದ್ದ. ಅವರು ಹಾಕಲಿಲ್ಲ. ಅವರ ತಂಡ ರಾತ್ರಿ ಹೊತ್ತು ಕೂತು ಲೆಕ್ಕ ಜಾಲಾಡಿತು. ಇಂಥವರು ಈಗ ಬೆಂಗಳೂರಿನಲ್ಲಿ ಸಿಎಫ್‌ಒ ಕೆಲಸಕ್ಕೆ ಅರ್ಜಿ ಹಾಕಲಿ, ಎಚ್‌ಆರ್‌ನವರು ಫೈಲಿನ ಮೇಲೆ ಬರೆಯುವುದು ಒಂದೇ ಸಾಲು: ಟೀಮ್ ಪ್ಲೇಯರ್ ಅಲ್ಲ.