ಚಿನ್ನದ ಹಾಳೆ, 8000ಕ್ಕೆ ಒಂದು: ಒಂದು ಸ್ಪಷ್ಟನೆ

'1911ರಲ್ಲಿ ರುದರ್‌ಫೋರ್ಡ್ ಚಿನ್ನದ ಹಾಳೆಗೆ ಆಲ್ಫಾ ಕಣ ಹಾಯಿಸಿದರು, 8000ಕ್ಕೆ ಒಂದು ಹಿಂದಕ್ಕೆ ಪುಟಿಯಿತು, ಅದಕ್ಕೇ ನೊಬೆಲ್ ಬಂತು' ಎಂಬ ಸಂದೇಶ ಹರಿದಾಡುತ್ತಿದೆ. ಅರ್ಧ ಸರಿ, ಅರ್ಧ ಕಲಸುಮೇಲೋಗರ.

ಪ್ರಯೋಗ ಮಾಡಿದವರು ಭೌತವಿಜ್ಞಾನಿ ರುದರ್‌ಫೋರ್ಡ್ ಪ್ರಯೋಗಾಲಯದ ಗೈಗರ್ ಮತ್ತು ಮಾರ್ಸ್‌ಡೆನ್, ಮ್ಯಾಂಚೆಸ್ಟರ್‌ನಲ್ಲಿ, 1909ರಲ್ಲಿ. ಮಾರ್ಸ್‌ಡೆನ್ ಆಗಿನ್ನೂ ಇಪ್ಪತ್ತರ ಹುಡುಗ. ಆಲ್ಫಾ ಕಣಗಳನ್ನು (ವಿಕಿರಣಶೀಲ ವಸ್ತುವಿನಿಂದ ಹೊಮ್ಮುವ, ಧನ ವಿದ್ಯುದಾವೇಶದ ಸೂಕ್ಷ್ಮ ಕಣಗಳು) ಚೆಲ್ಲುವ ಮೂಲಕ್ಕೂ ಸತುವಿನ ಸಲ್ಫೈಡ್ ಪರದೆಗೂ ನಡುವೆ ಸೀಸದ ತಡೆ. ಇಲ್ಲದಿದ್ದರೆ ನೇರವಾಗಿ ಬಂದ ಕಣಗಳೇ ಪರದೆಗೆ ಬಡಿದು, ಲೋಹದ ಹಾಳೆಯಿಂದ ಪುಟಿದವು ಯಾವುವೆಂದು ತಿಳಿಯುತ್ತಿರಲಿಲ್ಲ. ಕಣ ಬಿದ್ದಲ್ಲಿ ಚುಕ್ಕಿಯಂಥ ಮಿನುಗು. ಕತ್ತಲಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಒಂದೊಂದಾಗಿ ಎಣಿಸಬೇಕು.

ಚಿನ್ನದ ಹಾಳೆ ಬಳಸಿದ್ದು ನಿಜ. ಹಾಳೆಯ ಮೇಲೆ ಹಾಳೆ ಪೇರಿಸಿದಂತೆ ಮಿನುಗು ಹೆಚ್ಚಿ, ಒಂದು ಹಂತದಲ್ಲಿ ನಿಂತಿತು. ಅಂದರೆ ಕಣಗಳು ಬರೀ ಮೇಲ್ಮೈಗೆ ಬಡಿದು ಮರಳುತ್ತಿರಲಿಲ್ಲ, ಒಳಹೊಕ್ಕು ತಿರುಗುತ್ತಿದ್ದವು. ಆದರೆ 'ಸುಮಾರು 8000ಕ್ಕೆ ಒಂದು' ಎಂಬ ಲೆಕ್ಕ ಸಿಕ್ಕಿದ್ದು ಪ್ಲಾಟಿನಂನಿಂದ.

1911 ರುದರ್‌ಫೋರ್ಡ್ ಇದರ ಗಣಿತ ಬಿಡಿಸಿದ ವರ್ಷ: ಪರಮಾಣುವಿನ ನಡುವೆ ತೀರಾ ಚಿಕ್ಕ ಜಾಗದಲ್ಲಿ ವಿದ್ಯುದಾವೇಶ ಒತ್ತಾಗಿದೆ. ಅದು ಧನವೋ ಋಣವೋ ಎಂದು ಆ ಲೇಖನ ತೀರ್ಮಾನಿಸಿರಲಿಲ್ಲ.

ನೊಬೆಲ್? ಅದು 1908ರಲ್ಲೇ ಬಂದಿತ್ತು, ಅದೂ ರಸಾಯನಶಾಸ್ತ್ರಕ್ಕೆ, ವಿಕಿರಣಶೀಲ ಧಾತುಗಳ ವಿಘಟನೆಯ ಕೆಲಸಕ್ಕಾಗಿ.