ಪಾರಿವಾಳಕ್ಕೆ ಕಾಳು ಹಾಕಿದರೆ ಸಾಕೇ?

ದೋಹಾದಲ್ಲಿರುವ ಕನ್ನಡಿಗರ ಮನೆಗೆ ಊರಿಂದ ನೆಂಟರು ಬಂದರೆ ಕತಾರಾ ಸಾಂಸ್ಕೃತಿಕ ಗ್ರಾಮ ತೋರಿಸುವುದು ವಾಡಿಕೆ. ಅಲ್ಲಿ ಮಸೀದಿಯ ಹತ್ತಿರ ಮಣ್ಣಿನ ಬಣ್ಣದ ಎತ್ತರದ ಗೋಪುರಗಳಿವೆ. ಮೈತುಂಬ ತೂತು, ಅಲ್ಲಲ್ಲಿ ಹೊರಗೆ ಚಾಚಿದ ಕಟ್ಟಿಗೆ. ಅರಬ್ಬಿಯಲ್ಲಿ 'ಬುರ್ಜ್ ಅಲ್ ಹಮಾಮ್', ಅಂದರೆ ಪಾರಿವಾಳದ ಗೋಪುರ. ಎಲ್ಲರೂ ಫೋಟೊ ತೆಗೆಸಿಕೊಂಡು ಮುಂದೆ ಹೋಗುತ್ತಾರೆ. ಅದು ಏಕೆ ಹಾಗಿದೆ ಅಂತ ಕೇಳುವವರು ಕಡಿಮೆ.

ಇಂಥ ಗೋಪುರ ಕಟ್ಟಿ ಪಾರಿವಾಳ ಸಾಕುವ ಕಸುಬು ಇವತ್ತಿಗೂ ಜೀವಂತವಾಗಿರುವುದು ಈಜಿಪ್ಟಿನಲ್ಲಿ. ನೈಲ್ ನದಿ ಸಮುದ್ರ ಸೇರುವ ಬಯಲಿನಲ್ಲಿ, ಮೀತ್ ಘಮ್ರ್ ಸುತ್ತಿನ ಹಳ್ಳಿಗಳಲ್ಲಿ ಇಂಥ ಗೋಪುರಗಳು ಗುಂಪುಗುಂಪಾಗಿ ನಿಂತಿವೆ. ಹಸಿ ಇಟ್ಟಿಗೆ, ಕಲಸಿದ ಮಣ್ಣು, ಮಡಕೆ, ಇಷ್ಟೇ ಸಾಮಾನು. ಮಡಕೆಗಳನ್ನು ಅಡ್ಡ ಮಲಗಿಸಿ, ಸಾಲುಸಾಲಾಗಿ ಗೋಡೆಯಲ್ಲಿ ಕೂರಿಸುತ್ತಾರೆ. ಒಂದು ಮಡಕೆ ಒಂದು ಗೂಡು. ಮೇಲೆ ಹೋದಂತೆ ಗೋಪುರ ಸಣ್ಣದಾಗುತ್ತದೆ. ಚಾಚಿದ ಕಟ್ಟಿಗೆ ಹಕ್ಕಿಗೆ ಕೂರುವ ಜಾಗ, ಹತ್ತುವವನಿಗೆ ಮೆಟ್ಟಿಲು. ದಪ್ಪ ಮಣ್ಣಿನ ಗೋಡೆ ಒಳಗಿನ ಮರಿಗಳನ್ನು ಬಿಸಿಲಿಂದ ಕಾಯುತ್ತದೆ.

ಹಕ್ಕಿಗಳು ಹೊಲ ಸುತ್ತಿ ಹೊಟ್ಟೆ ತುಂಬಿಸಿಕೊಂಡು ಸಂಜೆ ಗೂಡಿಗೆ ಮರಳುತ್ತವೆ. ರೈತನಿಗೆ ಎರಡು ಲಾಭ. ಹಾರಲು ಕಲಿಯುವ ಮೊದಲೇ ಹಿಡಿದ ಮರಿಗಳಿಂದ 'ಹಮಾಮ್ ಮಹ್ಶಿ' ಆಗುತ್ತದೆ. ಅಕ್ಕಿಯನ್ನೋ ಹಸಿ ಗೋಧಿ ಸುಟ್ಟು ಮಾಡಿದ ಫ್ರೀಕೆಯನ್ನೋ ತುಂಬಿದ ಹಬ್ಬದೂಟ ಅದು. ಇನ್ನೊಂದು, ಗೋಪುರದ ತಳದಲ್ಲಿ ಸೇರುವ ಹಿಕ್ಕೆ. ಸಾರಜನಕ ಜಾಸ್ತಿ ಇರುವ ಒಳ್ಳೆ ಗೊಬ್ಬರ. 1906ರಲ್ಲಿ ದೆನ್ಶವಾಯ್ ಹಳ್ಳಿಯಲ್ಲಿ ಬ್ರಿಟಿಷ್ ಅಧಿಕಾರಿಗಳು ಮೋಜಿಗೆ ಪಾರಿವಾಳ ಹೊಡೆದಾಗ ರೈತರು ಸುಮ್ನಿರಲಿಲ್ಲ. ಜಗಳದ ನಂತರ ಒಬ್ಬ ಅಧಿಕಾರಿ ಸತ್ತ. ನಾಲ್ವರು ಹಳ್ಳಿಗರನ್ನು ನೇಣಿಗೆ ಹಾಕಿದರು. ಆಕಾಶದಲ್ಲಿ ಹಾರುವ ಹಕ್ಕಿ ಅವರಿಗೆ ಕೊಟ್ಟಿಗೆಯ ದನದಷ್ಟೇ ಸ್ವಂತದ್ದಾಗಿತ್ತು.

ಬೆಂಗಳೂರಿನಲ್ಲಿ ನಾವು ಏನು ಮಾಡುತ್ತೇವೆ? ಪುಣ್ಯ ಬರಲಿ ಅಂತ ರಸ್ತೆ ಬದಿ ಜೋಳ ಎರಚುತ್ತೇವೆ. ಮನೆಗೆ ಬಂದು ಬಾಲ್ಕನಿಗೆ ಬಲೆ ಕಟ್ಟಿಸುತ್ತೇವೆ. ಕಾಳು ನಮ್ಮದು, ಹಿಕ್ಕೆ ಪಕ್ಕದ ಮನೆಯವರ ತಲೆನೋವು. ಒಣಗಿದ ಹಿಕ್ಕೆಯ ದೂಳು ಶ್ವಾಸಕೋಶಕ್ಕೂ ಕೆಟ್ಟದ್ದು. ಇದನ್ನು ದಯೆ ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಹಾಗಂತ ಜಾಗ ಕೊಟ್ಟು ಗೊಬ್ಬರ ಪಡೆಯುವ ಲೆಕ್ಕಾಚಾರ ನಮಗೆ ಹೊಸದೇನಲ್ಲ. ಬಯಲುಸೀಮೆಯಲ್ಲಿ ರೈತರು ಕುರಿಗಾಹಿಗಳಿಗೆ ಕಾಳನ್ನೋ ದುಡ್ಡನ್ನೋ ಕೊಟ್ಟು ರಾತ್ರಿ ಹೊಲದಲ್ಲಿ ಮಂದೆ ನಿಲ್ಲಿಸುತ್ತಾರೆ. ಕುರಿಗೆ ತಂಗಲು ಜಾಗ, ಹೊಲಕ್ಕೆ ಗೊಬ್ಬರ. ನೈಲ್ ಬಯಲಿನ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಅಪಾರ್ಟ್‌ಮೆಂಟ್ ನಡುವೆ ಗೋಪುರ ಕಟ್ಟಿ ಅಂತ ನಾನು ಹೇಳುತ್ತಿಲ್ಲ. ಅದರ ಜಾಗ ಊರಾಚೆ, ಹೊಲದ ಪಕ್ಕ. ನಮ್ಮ ಕೃಷಿ ವಿಶ್ವವಿದ್ಯಾಲಯಗಳು ತಮ್ಮ ಹೊಲದಲ್ಲಿ ಒಂದನ್ನಾದರೂ ಕಟ್ಟಿ ನೋಡಬಹುದು. ಮಣ್ಣು ನಮ್ಮಲ್ಲಿದೆ, ಮಡಕೆ ಮಾಡುವ ಕುಂಬಾರರು ಇನ್ನೂ ಇದ್ದಾರೆ. ಅಡ್ಡ ಮಲಗಿಸಿದ ಮಡಕೆ ಬೀಳದ ಹಾಗೆ ಸಾಲು ಏರಿಸುವ ಕೈಚಳಕವನ್ನು ಮಾತ್ರ ಮೀತ್ ಘಮ್ರ್‌ನ ಗಾರೆಯವರಿಂದಲೇ ಕಲಿಯಬೇಕು.