ಲ್ಯಾವೆಂಡರ್‌ಗೆ ಅಕ್ಕಿ ತೊಳೆದ ನೀರು ಬೇಡ

"ನಿಮ್ಮ ತಾಯಿ ತುಂಬಾ ಒಳ್ಳೆಯವರು. ಆದರೆ ಆ ಗಿಡವನ್ನು ನೀರು ಹಾಕಿ ಹಾಕಿ ಕೊಲ್ಲುತ್ತಿದ್ದಾರೆ."

ಬೇಲಿಯ ಆಚೆಯಿಂದ ಪಕ್ಕದ ಮನೆ ಅಜ್ಜಿ ನಗುನಗುತ್ತಲೇ ಹೇಳಿದರು. ಇಂಗ್ಲಿಷರು ಬೈಯುವುದೇ ಹಾಗೆ ಬಿಡಿ. ಆದರೂ ಚುರುಕ್ ಅಂತು. ನಮ್ಮಮ್ಮನಿಗೆ, ಅದೂ ಗಿಡದ ವಿಷಯದಲ್ಲಿ, ಬುದ್ಧಿ ಹೇಳೋಕೆ ಇವರು ಯಾರು? ಅಮ್ಮ ನೆಟ್ಟರೆ ಒಣಕಡ್ಡಿಯೂ ಚಿಗುರುತ್ತೆ ಅಂತ ನಮ್ಮ ಬೀದಿಯಲ್ಲೆಲ್ಲ ಹೆಸರಿದೆ.

ನಾವಿರುವುದು ಲಂಡನ್ನಿನ ದಕ್ಷಿಣದ ಅಂಚಿನಲ್ಲಿ, ಸಟನ್ ಹತ್ತಿರ. ಪಕ್ಕದ ಮಿಚಮ್ ಒಂದು ಕಾಲಕ್ಕೆ ಲ್ಯಾವೆಂಡರ್ ಎಣ್ಣೆಗೆ ಹೆಸರುವಾಸಿಯಾದ ಊರು. 19ನೇ ಶತಮಾನದಲ್ಲಿ ಅಲ್ಲಿ ಹೊಲಗಟ್ಟಲೆ ಬೆಳೆಯುತ್ತಿದ್ದರು, ಈಗ ಬರೀ ಮನೆಗಳು. ಬ್ಯಾನ್‌ಸ್ಟೆಡ್ ಕಡೆ ಇವತ್ತಿಗೂ ಒಂದು ದೊಡ್ಡ ಹೊಲ ಇದೆ. ಜುಲೈನಲ್ಲಿ ಭಾನುವಾರ ಹೋಗಿ ನೋಡಿ, ರೇಷ್ಮೆ ಸೀರೆ ಉಟ್ಟು ನೇರಳೆ ಸಾಲುಗಳ ಮಧ್ಯೆ ಫೋಟೋ ತೆಗೆಸಿಕೊಳ್ಳುವ ನಮ್ಮವರೇ ಕಣ್ಣಿಗೆ ಬೀಳುತ್ತಾರೆ. ನಾವೂ ಅದೇ ಹುಮ್ಮಸ್ಸಿನಲ್ಲಿ ಮನೆ ಮುಂದೆ ಹಿಡ್‌ಕೋಟ್ ತಳಿಯ ಗಿಡಗಳನ್ನು ಹಾಕಿದೆವು. ತುಂಬಾ ಎತ್ತರ ಬೆಳೆಯಲ್ಲ, ಹೂವಿನ ಬಣ್ಣ ಗಾಢ, ಇಲ್ಲಿನ ಚಳಿಗೂ ಜಗ್ಗಲ್ಲ.

ಅಮ್ಮ ಬೇಸಿಗೆಗೆ ಬಂದವಳೇ ಆ ಗಿಡಗಳನ್ನು ತನ್ನ ಸುಪರ್ದಿಗೆ ತೆಗೆದುಕೊಂಡಳು. ಬೆಳಗ್ಗೆ ಸ್ನಾನ ಆದಮೇಲೆ ತುಳಸಿಗೆ ಒಂದು ಚೊಂಬು, ಲ್ಯಾವೆಂಡರ್‌ಗೆ ಒಂದೊಂದು ಚೊಂಬು. ಮಧ್ಯಾಹ್ನ ಅಕ್ಕಿ ತೊಳೆದ ನೀರು. ಆಗಾಗ ಈರುಳ್ಳಿ ಸಿಪ್ಪೆ ನೆನೆಸಿದ ನೀರು, ಟೀ ಚರಟ. ಗಿಡಗಳು ಮೊದಲು ಉಬ್ಬಿ ಬೆಳೆದವು, ಆಮೇಲೆ ಜೋತುಬಿದ್ದವು. ಬುಡದ ಎಲೆ ಕಪ್ಪಾಯಿತು. "ಇನ್ನೂ ಸಾಲ್ತಿಲ್ಲ ಕಣೋ ಇದಕ್ಕೆ," ಅಂತ ಇನ್ನೊಂದು ಚೊಂಬು.

ಲ್ಯಾವೆಂಡರ್ ಹುಟ್ಟಿದ್ದು ಮೆಡಿಟರೇನಿಯನ್ ಕಡೆಯ ಒಣ ಕಲ್ಲುಗುಡ್ಡಗಳಲ್ಲಿ. ಸುಣ್ಣದ ಅಂಶದ ಬಡ ಮಣ್ಣು, ಸುಡುವ ಬಿಸಿಲು, ನಿಲ್ಲದೆ ಬಸಿದು ಹೋಗುವ ನೀರು, ಇಷ್ಟೇ ಅದಕ್ಕೆ ಗೊತ್ತಿರುವುದು. ಗೊಬ್ಬರ ಜಾಸ್ತಿ ಆದರೆ ಎಲೆ ಸೊಂಪಾಗುತ್ತೆ, ಹೂ ಕಡಿಮೆ ಆಗುತ್ತೆ. ಇಲ್ಲಿ ಇದನ್ನು ಸಾಯಿಸುವುದು ಹೆಚ್ಚಾಗಿ ಚಳಿ ಅಲ್ಲ, ಚಳಿಗಾಲದಲ್ಲಿ ಬೇರಿನ ಹತ್ತಿರ ನಿಲ್ಲುವ ನೀರು. ಅಜ್ಜಿ ನೆಡುವಾಗಲೇ ಗುಂಡಿಗೆ ಸಣ್ಣ ಜಲ್ಲಿ ಸುರಿಯುತ್ತಾರೆ. ಹೊಸ ಗಿಡಕ್ಕೆ ಮೊದಲ ಬೇಸಿಗೆ ಅಷ್ಟಿಷ್ಟು ನೀರು, ಆಮೇಲೆ ಮಳೆ ಬಂದರೆ ಬಂತು. ಮುಟ್ಟಿಯೂ ನೋಡಲ್ಲ.

ಮುಟ್ಟಿದರೆ ಕತ್ತರಿ ಹಿಡಿದೇ. ನನಗೆ ಇಷ್ಟವಾಗುವುದೂ ಅದೇ, ನಮ್ಮವರ ಮೇಲೆ ಸಿಟ್ಟು ಬರುವುದೂ ಅಲ್ಲೇ.

ಆಗಸ್ಟ್ ಮುಗಿಯುವ ಹೊತ್ತು, ಹೂ ಇನ್ನೂ ಪೂರ್ತಿ ಒಣಗಿರಲ್ಲ, ಜೇನುಹುಳ ಗುಂಯ್ ಅಂತಿರುತ್ತೆ, ಅಜ್ಜಿ ಕೈಗವಸು ಹಾಕಿಕೊಂಡು ಶುರು ಮಾಡುತ್ತಾರೆ. ಒಂದು ಸಲ ನನ್ನನ್ನು ಕರೆದು ಗಿಡದ ಕೊಂಬೆಗಳನ್ನು ಬೆರಳಿಂದ ಬಿಡಿಸಿ ತೋರಿಸಿದರು. ಮೇಲೆ ಹೂವಿನ ಕಡ್ಡಿ. ಅದರ ಕೆಳಗೆ ಈ ವರ್ಷ ಬೆಳೆದ ಬೂದು ಹಸಿರು ಭಾಗ. ಅಲ್ಲಿ ಕಡ್ಡಿಗೆ ಅಂಟಿಕೊಂಡ ಹಾಗೆ ಪುಟ್ಟ ಪುಟ್ಟ ಚಿಗುರು. ಇನ್ನೂ ಕೆಳಗೆ ಕಂದು ಬಣ್ಣದ ಬೋಳು ಕಟ್ಟಿಗೆ. ಹೂಕಡ್ಡಿ ಪೂರ್ತಿ ತೆಗೆಯಬೇಕು, ಜೊತೆಗೆ ಹಸಿರು ಭಾಗದಲ್ಲೂ ಒಂದಂಗುಲದಷ್ಟು. ಆ ಪುಟ್ಟ ಚಿಗುರು ಮಾತ್ರ ಕೆಳಗೆ ಉಳಿದಿರಬೇಕು. ಕಂದು ಕಟ್ಟಿಗೆವರೆಗೆ ಕತ್ತರಿ ಹೋದರೆ ಮುಗೀತು, ಅದು ಮತ್ತೆ ಚಿಗುರುವುದು ಅಪರೂಪ. ಹಾಗಂತ ಸುಮ್ನೆ ಬಿಟ್ಟರೂ ಕಷ್ಟ. ವರ್ಷ ವರ್ಷ ಕಟ್ಟಿಗೆ ಮೇಲೇರುತ್ತೆ, ಗಿಡ ನಡುವೆ ಸೀಳಿಕೊಂಡು ಬೋಳಾಗುತ್ತೆ. ಆಮೇಲೆ ಸರಿ ಮಾಡೋಕೆ ಆಗಲ್ಲ, ಕಿತ್ತು ಹೊಸದು ಹಾಕಬೇಕು. ದಾಸವಾಳದ ಥರ ಅಲ್ಲ ಇದು, ಬುಡಕ್ಕೆ ಕಡಿದರೂ ನಗುತ್ತಾ ಎದ್ದು ಬರೋಕೆ.

ಅರ್ಧ ಗಂಟೆಯಲ್ಲಿ ಅಜ್ಜಿಯ ಸಾಲೆಲ್ಲ ಬೇಸಿಗೆ ರಜೆಗೆ ಮೆಷಿನ್ ಕಟಿಂಗ್ ಮಾಡಿಸಿಕೊಂಡ ಹುಡುಗರ ತಲೆಯಂತಾಯಿತು. ಅಮ್ಮ ಕಿಟಕಿಯಲ್ಲಿ ನಿಂತು ಲೊಚಗುಟ್ಟಿದಳು. "ಹೂ ಬಿಟ್ಟ ಗಿಡಕ್ಕೆ ಕತ್ತರಿ ಹಾಕ್ತಾರೇನೋ? ಮನಸ್ಸಾದರೂ ಹೇಗೆ ಬರುತ್ತೆ ಇವರಿಗೆ?" ನಮ್ಮದನ್ನೂ ಕತ್ತರಿಸ್ತೀನಿ ಅಂದೆ. ಇವತ್ತು ಶುಕ್ರವಾರ, ಬೇಡ ಅಂದಳು. ಮಾರನೇ ದಿನ ಆಫೀಸು ಕೆಲಸ ಮುಗಿಸಿ ಹೊರಟರೆ, ದೀಪ ಹಚ್ಚೋ ಹೊತ್ತು, ಗಿಡ ಮುಟ್ಟಬೇಡ ಅಂದಳು. ಇಲ್ಲಿ ಆ ಸಮಯಕ್ಕೆ ಹೊತ್ತು ಮುಳುಗುವುದೇ ರಾತ್ರಿ ಎಂಟರ ಸುಮಾರಿಗೆ! ಇನ್ನೂ ಬಿಸಿಲಿದೆ ಅಮ್ಮಾ ಅಂದರೆ, ಬಿಸಿಲಿದ್ದರೇನು ಗಂಟೆ ಆರಾಯ್ತಲ್ಲ ಅಂತಾಳೆ.

ನಮ್ಮ ಕಡೆ ಮನೆ ಕೈತೋಟದ ಪಾಡೇ ಇದು. ಹಾಕುವವರಿಗೇನೂ ಬರ ಇಲ್ಲ, ಕತ್ತರಿಸುವವರು ಯಾರೂ ಇಲ್ಲ. ಮಲ್ಲೇಶ್ವರದ ಹಳೇ ಮನೆಗಳನ್ನು ನೋಡಿ. ಕಾಗದದ ಹೂವಿನ ಬಳ್ಳಿ ಕಾಂಪೌಂಡು ದಾಟಿ, ಕರೆಂಟು ತಂತಿ ಹತ್ತಿ, ಎದುರು ಮನೆ ಬಾಲ್ಕನಿ ಸೇರಿರುತ್ತೆ. ಪಾಪ ಬೆಳೀಲಿ ಬಿಡಿ ಅಂತಾರೆ. ಕೊನೆಗೊಂದು ದಿನ ತಂತಿ ನೋಡೋಕೆ ಬಂದವನು ಮಚ್ಚಿನಲ್ಲಿ ಕೊಚ್ಚಿ ಹೋಗುತ್ತಾನೆ. ಆಗ ಯಾರಿಗೂ ಪಾಪ ಅನ್ನಿಸಲ್ಲ. ವರ್ಷಕ್ಕೊಂದು ಸಲ ಗಿಡದ ಹತ್ತಿರ ಕೂತು, ಎಲ್ಲಿ ಚಿಗುರಿದೆ ಅಂತ ನೋಡಿ ಕತ್ತರಿಸುವ ಈ ಅಜ್ಜಿಗೆ ಗಿಡದ ಮೇಲೆ ಜಾಸ್ತಿ ಪ್ರೀತಿ ಇದೆ ಅಂತಲೇ ನನ್ನ ಲೆಕ್ಕ.

ಹಾಂ, ಊರಲ್ಲಿ ಎಲ್ಲರೂ ಹೀಗೇ ಅಂತ ಹೇಳೋಕಾಗಲ್ಲ, ಒಪ್ಪುತ್ತೀನಿ. ವಿಜಯಪುರದ ದ್ರಾಕ್ಷಿ ಬೆಳೆಗಾರರು ಏಪ್ರಿಲ್‌ನಲ್ಲಿ ಒಂದು ಸಲ, ಅಕ್ಟೋಬರ್‌ನಲ್ಲಿ ಒಂದು ಸಲ ಚಾಟ್ನಿ, ಅಂದರೆ ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸ, ಮಾಡದಿದ್ದರೆ ಹಣ್ಣಿನ ಆಸೆ ಬಿಡಬೇಕು. ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ನೆರಳಿನ ಮರದ ಕೊಂಬೆ ಕಡಿಯುವ ಮರಗಸಿ, ಕಾಫಿ ಗಿಡ ಸವರುವ ಗಿಡಗಸಿ ಅಂತ ವರ್ಷ ವರ್ಷ ಆಳು ಹುಡುಕುವುದೇ ಒಂದು ಕೆಲಸ. ಗಿಡದಿಂದ ಹೊಟ್ಟೆ ಹೊರೆಯುವವರಿಗೆ ಕತ್ತರಿಯ ಬೆಲೆ ಗೊತ್ತು. ಗೊತ್ತಿಲ್ಲದ್ದು ನಮ್ಮಂಥ ಕುಂಡದ ತೋಟಗಾರರಿಗೆ.

ಅಮ್ಮನದೂ ಪೂರ್ತಿ ತಪ್ಪು ಅನ್ನೋಕೆ ಬಾಯಿ ಬರಲ್ಲ. ಬೆಂಗಳೂರಿನ ಟೆರೇಸಿನಲ್ಲಿ ಏಪ್ರಿಲ್ ಬಿಸಿಲಿಗೆ ಕುಂಡ ಅರ್ಧ ದಿನಕ್ಕೇ ಒಣಗುತ್ತೆ, ಎರಡು ಹೊತ್ತು ನೀರು ಹಾಕದಿದ್ದರೆ ಅವಳ ಗಿಡ ಒಂದೂ ಉಳಿಯುತ್ತಿರಲಿಲ್ಲ. ಇನ್ನೊಂದು ವಿಷಯ. ನಮ್ಮ ಅಡುಗೆಮನೆ ಕಿಟಕಿಯ ತುಳಸಿ ನನ್ನ ಕೈಯಲ್ಲಿ ಕಡ್ಡಿಯಾಗಿ ಉದ್ದಕ್ಕೆ ಹೋಗಿತ್ತು. ಅಮ್ಮ ದಿನಾ ಪೂಜೆಗೆ ಕುಡಿ ಕೀಳುತ್ತಾ, ಕದಿರು ಬಂದ ಕೂಡಲೇ ಉಗುರಲ್ಲಿ ಚಿವುಟುತ್ತಾ, ವಾಪಸ್ ಹೋಗುವ ಹೊತ್ತಿಗೆ ಅದನ್ನು ದುಂಡಗೆ ಪೊದೆ ಮಾಡಿಬಿಟ್ಟಿದ್ದಳು. ಅಜ್ಜಿ ಅದನ್ನು ನೋಡಿ, ಕತ್ತರಿ ಯಾವುದು ಬಳಸ್ತಾರೆ ಅಂತ ಕೇಳಿದರು. ಅಮ್ಮ ಬೆರಳು ತೋರಿಸಿದಳು.

ಈಗ ಬೆಂಗಳೂರಿನ ಅಕ್ಕನಿಗೂ ಲ್ಯಾವೆಂಡರ್ ಹುಚ್ಚು ಹಿಡಿದಿದೆ. ನರ್ಸರಿಯಿಂದ ತಂದಿದ್ದು ಜೂನ್ ಮಳೆಗೆ ಕೊಳೆಯಿತಂತೆ. ಮಣ್ಣಿನ ಕುಂಡ, ಅರ್ಧದಷ್ಟು ಮರಳು, ಮಳೆ ಬೀಳದ ಬಿಸಿಲಿನ ಜಾಗ, ಮಣ್ಣು ಒಣಗಿದ ಮೇಲಷ್ಟೇ ನೀರು, ಅಕ್ಕಿ ತೊಳೆದ ನೀರು ಖಂಡಿತಾ ಬೇಡ, ಹೂ ಮುಗಿದ ತಕ್ಷಣ ಕತ್ತರಿ ಅಂತ ಫೋನಿನಲ್ಲಿ ಎಲ್ಲಾ ಹೇಳಿದೆ. ಸೆಕೆ, ತೇವದ ಗಾಳಿ ಅದಕ್ಕೆ ಆಗಿಬರಲ್ಲ, ಇಷ್ಟೆಲ್ಲ ಮಾಡಿದರೂ ಉಳಿಯುತ್ತೆ ಅಂತ ಇಲ್ಲ ಅಂತಲೂ ಸೇರಿಸಿದೆ.

"ಅಯ್ಯೋ ಹೋಗೋ, ಮಲ್ಲಿಗೆ ಹಾಕ್ತೀನಿ," ಅಂದಳು.

"ಅದನ್ನೂ ಡಿಸೆಂಬರ್ ಹೊತ್ತಿಗೆ ನೀರು ನಿಲ್ಲಿಸಿ ಮೊಣಕಾಲೆತ್ತರಕ್ಕೆ ಕತ್ತರಿಸಬೇಕು ಕಣೇ, ಆಗಲೇ ಮುಂದೆ ಮೊಗ್ಗು ಚೆನ್ನಾಗಿ ಬರೋದು."

"ಅಮ್ಮನ್ನ ಒಂದು ಮಾತು ಕೇಳಿ ಹೇಳ್ತೀನಿ," ಅಂದು ಫೋನಿಟ್ಟಳು.